ಕುಂಕುಮ ಬೇಡವೆಂದ ಎರಡು ವರ್ಷ

ಶಿವಮೊಗ್ಗದಲ್ಲಿ ನ್ಯಾಯಾಧೀಶರ ಕುರ್ಚಿ ನನಗೆ ಬಂದ ದಿನವೇ ಸಿಕ್ಕಿತು. ಬಾಡಿಗೆಗೊಂದು ಮನೆ ಸಿಗಲು ತಿಂಗಳು ಹಿಡಿಯಿತು. ಬೆಳಿಗ್ಗೆ ಎದ್ದು ನಿಂತು ಕೈಮುಗಿದ ವಕೀಲರೇ ಸಂಜೆ ತಮ್ಮ ಮಹಡಿ ಖಾಲಿಯಿಲ್ಲ ಎಂದರು. ಊರಿಗೆ ಮೊದಲ ಹೆಣ್ಣು ಮುನ್ಸೀಫ್ ಬಂದದ್ದು ಎಲ್ಲರಿಗೂ ಹೆಮ್ಮೆಯೇ. ಆದರೆ ಮದುವೆಯಾಗದ ಆ ಹೆಂಗಸು ಬೇರೆಯವರ ಮನೆಯಲ್ಲಿದ್ದರೆ ಚೆಂದ.

ಕೊನೆಗೆ ಸವಳಂಗ ರಸ್ತೆಯ ಪಾರ್ವತಮ್ಮ ತಮ್ಮ ಮನೆಯ ಅರ್ಧ ಭಾಗ ಕೊಟ್ಟರು. ಅವರ ಯಜಮಾನರು ಅನುಮಾನಿಸಿದಾಗ, "ಗಂಡ ಇಲ್ದಿದ್ರೇನಂತೆ, ಬಾಗ್ಲಿಗೆ ಚಿಲ್ಕ ಇದ್ಯಲ್ಲ" ಎಂದರಂತೆ.

ನನ್ನೂರು ಧಾರವಾಡದಲ್ಲಿ ಕಡುಬೆಂದರೆ ಒಳಗೆ ಹೂರಣವಿರಬೇಕು. ಇಲ್ಲಿ ಅದು ಹಬೆಯಲ್ಲಿ ಬೆಂದ ಅಕ್ಕಿತರಿಯ ಉಂಡೆ. ಮೊದಲ ದಿನ ಮುರಿದು ಹೂರಣ ಹುಡುಕಿದೆ, ಪಾರ್ವತಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕರು. ಅಂದಿನಿಂದ ನಾನು ಅವರಿಗೆ 'ಮಾರಾಯ್ತಿ'. ಸಲುಗೆಯಿದ್ದವರನ್ನು ಇಲ್ಲಿ ಹಾಗೆ ಕರೆಯುತ್ತಾರೆ. ಪ್ರತಿ ಶುಕ್ರವಾರ ಕರೆದು ಕುಂಕುಮ ಇಡುತ್ತಿದ್ದರು. ಅವ್ವನ ನೆನಪು ಒತ್ತಿ ಬರುತ್ತಿತ್ತು.

ಒಮ್ಮೆ ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸಿನ ಹೆಂಗಸರು ನನಗೆ ಸನ್ಮಾನ ಇಟ್ಟುಕೊಂಡರು. ಪಾರ್ವತಮ್ಮನೂ ಬಂದರು. ನನ್ನ ಮಾತನ್ನು ಒಬ್ಬಾಕೆ ಪಕ್ಕದವರಿಗೆ ತಮಿಳಿನಲ್ಲಿ ಪಿಸುಗುಡುತ್ತಿದ್ದಳು. ತಂದೆಯ ಸ್ವಂತ ಆಸ್ತಿಯಲ್ಲಿ ಮಗಳಿಗೂ ಪಾಲುಂಟೆಂದು ಐವತ್ತಾರರ ಹೊಸ ಕಾನೂನು ಹೇಳುತ್ತದೆ, ಕೇಳಲು ನಾಚಬೇಡಿ ಎಂದೆ. ಚಪ್ಪಾಳೆ ಬಿತ್ತು. ಶಾಲು ಹೊದ್ದು ಭಾಷಣ ಮಾಡುವುದಕ್ಕೆ ಏನು ಕಷ್ಟ!

ಮರಳುವ ಬಸ್ಸು ಮಲವಗೊಪ್ಪ ದಾಟುವಾಗ ಪಾರ್ವತಮ್ಮ ಕೇಳಿದರು: "ಅಪ್ಪ ಹೋಗಿ ಮೂರು ವರ್ಷ ಆಯ್ತು. ಈಗ್ಲೂ ಕೇಳ್ಬಹುದಾ?"

ವಕೀಲರನ್ನು ಕೇಳಿ ಎನ್ನಬೇಕಿತ್ತು. ಕೇಳಬಹುದು ಎಂದುಬಿಟ್ಟೆ.

ಎರಡು ತಿಂಗಳಿಗೆ, ಅಣ್ಣಂದಿರ ಮೇಲೆ ಅವರು ಹೂಡಿದ ದಾವೆ ನನ್ನ ಮೇಜಿಗೇ ಬಂತು. ಅದನ್ನು ಬೇರೆ ಕೋರ್ಟಿಗೆ ಕಳಿಸಬೇಕೆಂದು ಜಿಲ್ಲಾ ನ್ಯಾಯಾಧೀಶರಿಗೆ ಬರೆದೆ. ಮನೆಯನ್ನೂ ಬಿಡುತ್ತೇನೆ ಎಂದಾಗ ಪಾರ್ವತಮ್ಮ ಬಾಗಿಲಿಗೆ ಅಡ್ಡ ನಿಂತರು.

"ನೀನಿದ್ದೀಯ ಅಂತ್ಲೇ ಧೈರ್ಯ ಮಾಡಿದ್ದು ಮಾರಾಯ್ತಿ."

ಮುಂದಿನ ಶುಕ್ರವಾರ ವಿನೋಬನಗರದ ನನ್ನ ಹೊಸ ಮನೆಗೆ ಕುಂಕುಮದ ಭರಣಿ ಹಿಡಿದು ಬಂದರು. ದಾವೆ ಬೇರೆ ಕೋರ್ಟಿಗೆ ಹೋದರೂ ಕೇಳುವವರು ನನ್ನ ಜೊತೆಯವರೇ, ತೀರ್ಪಾಗುವವರೆಗೆ ಬೇಡ ಎಂದೆ. ಗಂಡು ಜಡ್ಜಿಗೆ ಊಟದ ಕರೆ ತಪ್ಪಿಸಿಕೊಳ್ಳುವುದು ಸುಲಭ. ಕುಂಕುಮ ಬೇಡವೆಂದ ಹೆಂಗಸನ್ನು ಯಾವ ಊರೂ ಕ್ಷಮಿಸದು. ಅವರಿಗೆ ಬೇಡವೆಂದ ಮೇಲೆ ಎರಡು ವರ್ಷ ಬೇರೆ ಯಾವ ಹೊಸಿಲನ್ನೂ ತುಳಿಯಲಿಲ್ಲ. ಜಂಬದವಳು ಎಂಬ ಹೆಸರು ಬಂತು. ಒಂಟಿತನಕ್ಕಿಂತ ಆ ಹೆಸರೇ ಹೆಚ್ಚು ಚುಚ್ಚಿತು.

ಪಾರ್ವತಮ್ಮ ಗೆದ್ದರು. ಅಪೀಲಿನ ಗಡುವೂ ಕಳೆದ ಮೇಲೆ ನಾನೇ ಹೋಗಿ ಹಣೆಯೊಡ್ಡಿದೆ. ಕುಂಕುಮ ಇಟ್ಟರು. ಆಮೇಲೆ ಹೇಳಿದರು:

"ಗದ್ದೆ ಬಂತು, ತವರು ಹೋಯ್ತು. ಅಣ್ಣಂದ್ರು ಇನ್ಮೇಲೆ ಬಾಗಿನ ಕಳ್ಸಲ್ವಂತೆ. ಈ ಸಲ ಗೌರಿಗೆ ನಿನ್ ಮನೇಗೇ ಬರ್ತೀನಿ."

ನಮ್ಮಲ್ಲಿ ನಾಗರಪಂಚಮಿಗೆ ಅಣ್ಣ ಕರೆಯಲು ಬರುವಂತೆ, ಇಲ್ಲಿ ಗೌರಿ ಹಬ್ಬಕ್ಕೆ ತವರಿನಿಂದ ಜೋಡಿ ಮೊರದಲ್ಲಿ ಬಳೆ, ರವಿಕೆಯ ಕಣ, ಧಾನ್ಯ ಬರುತ್ತದೆ. ಅದೇ ಬಾಗಿನ.

ಧಾರವಾಡಕ್ಕೆ ವರ್ಗ ಕೇಳಿ ಬರೆದ ಅರ್ಜಿ ಮೇಜಿನ ಮೇಲಿದೆ. ಅವ್ವನಿಗೆ ವಯಸ್ಸಾಯಿತು, ಹೋಗಲೇಬೇಕೆನಿಸುತ್ತದೆ. ಸಹಿ ಹಾಕಿದರೆ ನನಗೆ ನನ್ನ ತವರು ಸಿಗುತ್ತದೆ. ಪಾರ್ವತಮ್ಮನಿಗೆ ಎರಡನೆಯ ಸಲ ತಪ್ಪುತ್ತದೆ.

ನಿನ್ನೆ ಪೇಟೆಗೆ ಹೋಗಿ ಒಂದು ಜೊತೆ ಮೊರ ತಂದೆ.