ಮಂಗಳವಾರದ ಬಿಲ್ಡ್

ಥಾಣೆಯ ನೌಪಾಡಾದಲ್ಲಿ ಒಂದು ಉಡುಪಿ ಹೋಟೆಲಿನ ಮೇಲಿನ ಮಹಡಿಯಲ್ಲಿ ನಮ್ಮ ಆಫೀಸು. ಹೋಟೆಲು ಅಣ್ಣನದು, ಆಫೀಸು ತಮ್ಮನದು; ತಮ್ಮನೇ ನಮ್ಮ ಯಜಮಾನರು. ಕೆಲಸಕ್ಕಿದ್ದವರು ಇಬ್ಬರೇ. ಒಬ್ಬರು ಡೊಂಬಿವಲಿಯಲ್ಲೇ ಹುಟ್ಟಿ ಬೆಳೆದ ಹಿರಿಯ ಸಹೋದ್ಯೋಗಿ. ಕನ್ನಡ ಪೂರ್ತಿ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ಹಿಂದಿಯಲ್ಲಿ. ಇನ್ನೊಬ್ಬಳು, ಮೈಸೂರಿನಲ್ಲಿ ಓದು ಮುಗಿಸಿ ಬಂದು ಡೊಂಬಿವಲಿಯಲ್ಲೇ ಬಾಡಿಗೆಗಿದ್ದ ನಾನು.

ದೊಡ್ಡ ಹೌಸಿಂಗ್ ಸೊಸೈಟಿಗಳಲ್ಲಿ ಯಾವ ಫ್ಲ್ಯಾಟಿಗೆ ಎಷ್ಟು ನೀರು ಹೋಯಿತು ಎಂದು ಲೆಕ್ಕ ಹಾಕುವ ಪ್ರೋಗ್ರಾಮ್ ನಮ್ಮದು. ಇಂಟರ್ನೆಟ್ ಬೇಕಿಲ್ಲ. ಸೊಸೈಟಿಯ ಆಫೀಸಿನ ಕಂಪ್ಯೂಟರಿನಲ್ಲಿ ಒಂಟಿಯಾಗಿ ಕೂತು, ಮೀಟರುಗಳಿಂದ ಬಂದ ಅಂಕಿಗಳನ್ನು ಓದಿ ಪಟ್ಟಿ ಮಾಡಿಕೊಡುತ್ತದೆ. ಹೊಸ ಆವೃತ್ತಿ ಕೊಡಬೇಕಾದಾಗಲೆಲ್ಲ ಸಹೋದ್ಯೋಗಿ ಕೋಡನ್ನೆಲ್ಲ ಜೋಡಿಸಿ ಅದನ್ನು ಕೈಯಿಂದಲೇ ಕಟ್ಟುತ್ತಿದ್ದರು, ನಮ್ಮ ಮಾತಿನಲ್ಲಿ ಬಿಲ್ಡ್. ಒಂದು ಪೆನ್‌ಡ್ರೈವಿನಿಂದ ಲೈಬ್ರರಿಗಳೆಂಬ ಸಿದ್ಧ ಕೋಡಿನ ತುಣುಕುಗಳನ್ನು ತೆಗೆದು ಫೋಲ್ಡರಿಗೆ ಹಾಕುವುದು, ಏನನ್ನೋ ಅಳಿಸುವುದು, ಇನ್ನೇನನ್ನೋ ಹೆಸರು ಬದಲಿಸುವುದು. ಒಟ್ಟು ಒಂದೂವರೆ ಗಂಟೆ ಹಿಡಿಯುತ್ತಿತ್ತು. ಅದನ್ನು ಬರೆದಿಡಿ ಎಂದರೆ ನಕ್ಕುಬಿಡುತ್ತಿದ್ದರು.

ನನ್ನನ್ನು ತೆಗೆದುಕೊಂಡಿದ್ದೇ ಇದನ್ನು ನಿಲ್ಲಿಸಲು. ಬಿಲ್ಡ್ ಟೂಲ್ ಒಂದನ್ನು ಸಿದ್ಧಮಾಡಬೇಕು. ಯಾರು ಬೇಕಾದರೂ ಒಂದೇ ಆಜ್ಞೆ ಕೊಟ್ಟು ಪ್ರೋಗ್ರಾಮನ್ನು ಕಟ್ಟುವಂತಿರಬೇಕು. ಯಾರು ಕಟ್ಟಿದರೂ ಅದೇ ಬರಬೇಕು. ಪ್ರೊಬೇಷನ್ ಮುಗಿದು ಕೆಲಸ ಕಾಯಂ ಆಗುವುದು ಇದರ ಮೇಲೆ ನಿಂತಿದೆ ಎಂದು ಯಜಮಾನರು ಮೊದಲೇ ಹೇಳಿದ್ದರು.

ನನಗೆ ಸುಲಭವಾಗಿ ನಂಬಿಕೆ ಬರುವುದಿಲ್ಲ. ಟೂಲ್ ಯಾರು ಯಾರೋ ಬರೆದ ಲೈಬ್ರರಿಗಳನ್ನು ಎಲ್ಲಿಂದಲೋ ತರುತ್ತದೆ. ಒಂದೊಂದರ ಗುರುತನ್ನೂ ತಾಳೆ ನೋಡಿಯೇ ಒಳಗೆ ಬಿಡುವಂತೆ ಮಾಡಿದೆ. ಕಟ್ಟಿದ ದಿನ ಮತ್ತು ಹೊತ್ತು ಪ್ರೋಗ್ರಾಮಿನ ಮೊದಲ ಪರದೆಯಲ್ಲೇ ಕಾಣುವಂತೆಯೂ ಮಾಡಿದೆ. ಬಾಗಿಲ ಬಳಿಯ ಹಳೆಯ ಕಂಪ್ಯೂಟರನ್ನು ಬಿಲ್ಡ್‌ಗೆಂದೇ ಮೀಸಲಿಟ್ಟು ಹೊಸ ಪಾಸ್‌ವರ್ಡ್ ಹಾಕಿಸಿದೆ. ಸಹೋದ್ಯೋಗಿ ಕೈಕಟ್ಟಿ ನಿಂತು ನೋಡುತ್ತಿದ್ದರು.

"ಇತ್ನಾ ಶಕ್? ಮೇಡಂ, ಶಾದಿ ಕೆ ಲಿಯೇ ಲಡ್ಕಾ ದೇಖ್ ರಹೀ ಹೋ ಕ್ಯಾ?"

ಮದುವೆಗೆ ಗಂಡು ನೋಡುವವಳಂತೆ ಅನುಮಾನ ಪಡುತ್ತೇನಂತೆ. ಅವರ ಪೆನ್‌ಡ್ರೈವಿಗೆ ಇನ್ನು ಕೆಲಸವಿಲ್ಲ. ಅದು ಅವರಿಗೆ ಹಿಡಿಸಿಲ್ಲ ಎಂದು ಮನಸ್ಸಿನಲ್ಲೇ ಗುರುತು ಹಾಕಿಕೊಂಡೆ.

ಒಂದು ಮಂಗಳವಾರ ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಆ ಕಂಪ್ಯೂಟರಿನಲ್ಲಿ ನಾನೇ ಬಿಲ್ಡ್ ಮಾಡಿ ನೋಡಿದೆ. ಎಲ್ಲ ಸರಿಯಿತ್ತು. ಅಷ್ಟರಲ್ಲಿ ಕಲ್ಯಾಣದ ಒಂದು ಸೊಸೈಟಿಯಿಂದ ಫೋನು ಬಂತು. ಒಂದು ಮೀಟರು ಕೊನೆಯ ಅಂಕಿ ಮುಟ್ಟಿ ಮತ್ತೆ ಸೊನ್ನೆಯಿಂದ ಶುರುವಾಗಿತ್ತಂತೆ. ನಮ್ಮ ಪ್ರೋಗ್ರಾಮ್ ಅದನ್ನು ತಿಳಿಯದೆ, ಅಜ್ಜ ಅಜ್ಜಿ ಇಬ್ಬರೇ ಇರುವ ಮನೆಗೆ ಈಜುಕೊಳದಷ್ಟು ನೀರು ಬರೆದಿತ್ತು. ತಪ್ಪು ಪ್ರೋಗ್ರಾಮಿನದೇ. ಮಧ್ಯಾಹ್ನ ಎರಡೂವರೆಗೆ ಕೋಡ್ ತಿದ್ದಿ ಮುಗಿಸಿದೆ. ನನ್ನ ಕಂಪ್ಯೂಟರಿನಲ್ಲಿ ಕಟ್ಟಿ ನೋಡಿದೆ, ಅಜ್ಜ ಅಜ್ಜಿಯ ನೀರು ಮನುಷ್ಯರು ಬಳಸುವಷ್ಟಕ್ಕೆ ಇಳಿದಿತ್ತು. ಆಫೀಸಿನ ಗ್ರೂಪಿನಲ್ಲಿ "ತಿದ್ದಿದ್ದೇನೆ, ಬಿಲ್ಡ್ ಮಾಡಿ ಕಳಿಸಬಹುದು" ಎಂದು ಬರೆದು ಹೊರಟೆ. ಹಲ್ಲಿನ ಡಾಕ್ಟರ ಬಳಿ ಹೋಗುವುದಿತ್ತು. ಎಲ್ಲಿಗೆ ಎಂದು ಯಾರಿಗೂ ಹೇಳಲಿಲ್ಲ.

ಮರುದಿನ ಕಲ್ಯಾಣದಿಂದ ಮತ್ತೆ ಫೋನು. ಹೊಸ ಆವೃತ್ತಿ ಬಂದಿದೆ, ಈಜುಕೊಳ ಹಾಗೇ ಇದೆ.

ಅವರಿಗೆ ಹೋದ ಪ್ರೋಗ್ರಾಮನ್ನು ತೆರೆದೆ. ಆವೃತ್ತಿಯ ಸಂಖ್ಯೆ ಹೊಸದು. ಕಟ್ಟಿದ ಹೊತ್ತು ಮಾತ್ರ ಮಂಗಳವಾರ ಬೆಳಿಗ್ಗೆ ಹತ್ತು ಗಂಟೆ. ಹತ್ತು ಗಂಟೆಗೆ ಆ ತಿದ್ದುಪಡಿ ಹುಟ್ಟಿಯೇ ಇರಲಿಲ್ಲ. ಕಲ್ಯಾಣದ ಫೋನೂ ಬಂದಿರಲಿಲ್ಲ. ಬಿಲ್ಡ್ ಕಂಪ್ಯೂಟರಿನಲ್ಲಿ ನಾನೇ ಮತ್ತೊಮ್ಮೆ ಕಟ್ಟಿದೆ, ಅದೇ ತಪ್ಪು ಬಂತು. ಹಿಂದೆ ಕಟ್ಟಿದ್ದೆಲ್ಲವನ್ನೂ ಅಳಿಸಿ ಮೊದಲಿನಿಂದ ಕಟ್ಟಿದೆ, ಸರಿಯಾದದ್ದು ಬಂತು. ಅಂದರೆ ಯಾರೋ ಹಳೆಯದನ್ನು ಒಳಗಿಟ್ಟು ಹೊಸ ಸಂಖ್ಯೆ ಅಂಟಿಸಿದ್ದಾರೆ ಎಂದುಕೊಂಡೆ. ಯಾರು ಎಂದು ಯೋಚಿಸಲು ನನಗೆ ಬಹಳ ಹೊತ್ತು ಬೇಕಾಗಲಿಲ್ಲ.

"ನಿನ್ನೆ ಮಧ್ಯಾಹ್ನ ನೀವು ಆ ಕಂಪ್ಯೂಟರ್ ಮುಟ್ಟಿದ್ರಾ?"

"ಮೈ ತೋ ಕಲ್ಯಾಣ್ ಮೇ ಥಾ, ಮೇಡಂ. ಸೆಕ್ರೆಟರಿ ಕೀ ಗಾಲಿಯಾಂ ಖಾ ರಹಾ ಥಾ." ಅಲ್ಲಿನ ಸೊಸೈಟಿಯ ಸೆಕ್ರೆಟರಿಯ ಬೈಗುಳ ತಿನ್ನುತ್ತಿದ್ದರಂತೆ; ನಾನು ನಂಬಲಿಲ್ಲ. ಆಮೇಲೆ ಕಣ್ಣು ಮಿಟುಕಿಸಿ, "ಆಪ್ ಕಾ ಟೂಲ್ ಹೈ ನಾ? ಉಸೀ ಸೇ ಪೂಛೋ" ಎಂದು ನನ್ನ ಟೂಲನ್ನೇ ಕೇಳಲು ಹೇಳಿದರು.

ಯಜಮಾನರು ಒಳಗೆ ಕರೆದರು. ಮೇಜಿನ ಮೇಲೆ ಕೆಳಗಿನಿಂದ ಬಂದ ಬನ್ಸ್ ಇತ್ತು. ತಿನ್ನಿ ಎನ್ನಲಿಲ್ಲ.

"ನಾವು ನೀವು ಬರೆದ ಹಾಗೇ ಮಾಡಿದ್ದು ಮಾರಾಯ್ರೆ. ನಿಮ್ಮಲ್ಲಿ ಒಂದು, ಅಲ್ಲಿ ಒಂದು ಬರುವುದಾದ್ರೆ ಟೂಲ್ ಎಂತಕ್ಕೆ? ಆ ಪೆನ್‌ಡ್ರೈವೇ ಸಾಕಿತ್ತಲ್ಲ. ಇನ್ನೊಂದು ಸಲ ಹೀಗಾದ್ರೆ ಪರ್ಮನೆಂಟ್ ಮಾಡುವುದು ಕಷ್ಟ ಉಂಟು."

"ಇನ್ನೊಂದು ಸಲ ಆಗೋಲ್ಲ ಸರ್" ಎಂದೆ. ಯಾರ ಮೇಲೆ ಅನುಮಾನ ಎಂದು ಹೇಳಲಿಲ್ಲ. ಸಾಕ್ಷಿ ಇಲ್ಲದೆ ಹೇಳುವ ಅಭ್ಯಾಸ ನನಗಿಲ್ಲ.

ಸಾಕ್ಷಿಗಾಗಿ ಕಾದೆ. ಸಂಜೆ ಸ್ಟೇಷನ್ನಿನ ಪ್ಲಾಟ್‌ಫಾರ್ಮಿನಲ್ಲಿ ಅವರು ಜೆಂಟ್ಸ್ ಡಬ್ಬದ ಕಡೆಗೆ ಹೋಗುತ್ತಾ ಕೈ ಬೀಸಿದರೆ ನಾನು ಮೊಬೈಲಿನಲ್ಲಿ ಏನೋ ಓದುತ್ತಿರುವಂತೆ ನಿಲ್ಲುತ್ತಿದ್ದೆ. ರೈಲು ಮುಂಬ್ರಾ ದಾಟುವವರೆಗೂ ತಲೆಯಲ್ಲಿ ಅದೇ ಲೆಕ್ಕ: ಯಾವಾಗ ಮಾಡಿರಬಹುದು, ಹೇಗೆ, ಪಾಸ್‌ವರ್ಡ್ ಯಾವಾಗ ನೋಡಿಕೊಂಡರು.

ಮುಂದಿನ ಮಂಗಳವಾರ ಮತ್ತೊಂದು ಆವೃತ್ತಿ ಕೊಡಬೇಕಿತ್ತು. ಬೆಳಿಗ್ಗೆ ಹಿಂದಿನ ವಾರದಂತೆಯೇ ಒಮ್ಮೆ ಕಟ್ಟಿದೆ. ಮಧ್ಯಾಹ್ನ ಊಟವಾದ ಮೇಲೆ ಒಂದು ಸಣ್ಣ ತಿದ್ದುಪಡಿ ಸೇರಿಸಿ, ಗ್ರೂಪಿನಲ್ಲಿ ಅದೇ ಮಾತು ಬರೆದು, ಬ್ಯಾಗು ಹಾಕಿಕೊಂಡು ಎಲ್ಲರಿಗೂ ಕಾಣುವಂತೆ ಮೆಟ್ಟಿಲಿಳಿದೆ. ಹೋಟೆಲಿನ ಹಿಂಬಾಗಿಲಿನಿಂದ ಮತ್ತೆ ಮೇಲೆ ಬಂದು, ಹಳೆಯ ಮೀಟರುಗಳನ್ನು ತುಂಬಿಟ್ಟಿದ್ದ ಕೋಣೆಯಲ್ಲಿ ಬಾಗಿಲು ಓರೆ ಮಾಡಿ ಕೂತೆ. ಬಿಲ್ಡ್ ಕಂಪ್ಯೂಟರ್ ಅಲ್ಲಿಂದ ನೇರವಾಗಿ ಕಾಣುತ್ತಿತ್ತು.

ಮೂರು ಗಂಟೆಯಾಗಿತ್ತು. ಹಿಂಬಾಗಿಲ ಮೆಟ್ಟಿಲಿನ ಕಡೆಯಿಂದ ಯಾರೋ ಕೆಮ್ಮಿದರು. ಸಹೋದ್ಯೋಗಿ, ಕೈಯಲ್ಲಿ ಎರಡು ಲೋಟ ಚಹಾ.

"ಮೇರೀ ಜಾಸೂಸೀ? ತೋ ಚಾಯ್ ಪೀಕೇ ಕರೋ."

ಅವರ ಮೇಲೆ ಬೇಹುಗಾರಿಕೆ ಮಾಡುವುದಾದರೆ ಚಹಾ ಕುಡಿದೇ ಮಾಡಬೇಕಂತೆ. ಒಂದು ಲೋಟ ತೆಗೆದುಕೊಂಡೆ. ಅವರು ಒಂದು ಮೀಟರಿನ ಪೆಟ್ಟಿಗೆಯ ಮೇಲೆ ಕೂತರು. ಅದೇ ಹೊತ್ತಿಗೆ ಹೊರಗೆ ಕುರ್ಚಿ ಎಳೆದ ಸದ್ದಾಯಿತು.

ಬಿಲ್ಡ್ ಕಂಪ್ಯೂಟರಿನ ಮುಂದೆ ಯಜಮಾನರು ಕೂತಿದ್ದರು. ನಾನು ಬರೆದುಕೊಟ್ಟ ಚೀಟಿಯನ್ನು ಎದುರಿಗಿಟ್ಟುಕೊಂಡು ಪಾಸ್‌ವರ್ಡ್ ಹಾಕಿದರು. ಗೋಡೆಯ ಮೇಲಿನ ಕ್ಯಾಲೆಂಡರಿನ ಮೇಲೆ ಬೆರಳಿಟ್ಟು ಏನೋ ಓದಿದರು. ಆಮೇಲೆ ಪರದೆಯ ಮೂಲೆಯ ಗಡಿಯಾರದ ಮೇಲೆ ಒತ್ತಿ, ಮೂರು ಗಂಟೆಯನ್ನು ಹತ್ತಕ್ಕೆ ತಿರುಗಿಸಿದರು.

ನಾನು ಚಹಾ ಕೆಳಗಿಟ್ಟು ಹೊರಗೆ ಬಂದೆ.

"ಸರ್, ಏನ್ ಮಾಡ್ತಿದ್ದೀರಿ?"

ಅವರು ಬೆಚ್ಚಿದರು. "ಅಯ್ಯೋ, ನೀವು ಹೋಗಲಿಲ್ವಾ? ಎಂತ ಇಲ್ಲ. ಮಂಗಳವಾರ ಮೂರರಿಂದ ನಾಲ್ಕೂವರೆ ರಾಹುಕಾಲ ಅಲ್ವಾ? ನಿಮ್ಮ ಟೂಲು ಹೊತ್ತನ್ನು ಹಣೆಯ ಮೇಲೇ ಬರೀತದೆ. ರಾಹುಕಾಲದಲ್ಲಿ ಹುಟ್ಟಿದ್ದು ಅಂತ ಬರೆದುಕೊಂಡು ಹೋದ್ರೆ ಅದು ಉದ್ಧಾರ ಆದೀತಾ? ಸ್ವಲ್ಪ ಹಿಂದೆ ತಂದೆ, ಅಷ್ಟೇ. ಆಮೇಲೆ ಸರಿ ಮಾಡಿಯೇ ಇಡ್ತೇನೆ."

ಮುಚ್ಚಿಡುವ ಭಾವವೇ ಅವರ ಮುಖದಲ್ಲಿರಲಿಲ್ಲ. ಹಿಂದಿನ ವಾರವೂ ಅವರೇ ಕಟ್ಟಿದ್ದು. ಯಾರೂ ಕೇಳಿರಲಿಲ್ಲ, ಅವರು ಹೇಳಿರಲಿಲ್ಲ.

ನಿಂತಲ್ಲೇ ನನಗೆ ಪೂರ್ತಿ ಹೊಳೆಯಿತು. ಟೂಲು ಎಲ್ಲವನ್ನೂ ಪ್ರತಿಸಲ ಕಟ್ಟುವುದಿಲ್ಲ. ಬರೆದ ಕೋಡು, ಹಿಂದೆ ಕಟ್ಟಿಟ್ಟದ್ದಕ್ಕಿಂತ ಹೊಸದಾಗಿದ್ದರೆ ಮಾತ್ರ ಮತ್ತೆ ಕಟ್ಟುತ್ತದೆ. ಹೊಸದೋ ಹಳೆಯದೋ ಎಂದು ನೋಡುವುದು ಗಡಿಯಾರದ ಹೊತ್ತಿನಿಂದ. ಬೆಳಿಗ್ಗೆ ಕಟ್ಟಿದ್ದರ ಮೇಲೆ ಹನ್ನೊಂದು ಗಂಟೆ ಇರುತ್ತದೆ. ನನ್ನ ತಿದ್ದುಪಡಿಯನ್ನು ಟೂಲು ಈ ಕಂಪ್ಯೂಟರಿಗೆ ತರುವುದು ಆಜ್ಞೆ ಕೊಟ್ಟಾಗ; ಇವರು ಗಡಿಯಾರ ತಿರುಗಿಸಿದ್ದರಿಂದ ಅದರ ಮೇಲೆ ಹತ್ತು ಗಂಟೆ. ಹತ್ತು ಹನ್ನೊಂದಕ್ಕಿಂತ ಹಿಂದಿನದು. ಹಾಗಾಗಿ ಟೂಲು ಮತ್ತೆ ಕಟ್ಟುವುದೇನೂ ಇಲ್ಲವೆಂದು, ಹಳೆಯದಕ್ಕೇ ಹೊಸ ಸಂಖ್ಯೆ, ಹೊಸ ಹೊತ್ತು ಅಂಟಿಸಿ ಕೊಡುತ್ತದೆ. ಇದನ್ನು ಅವರಿಗೆ ಹೇಳಿದೆ. ಆಜ್ಞೆ ಕೊಡಿ ಎಂದೆ, ಕೊಟ್ಟರು. ಬೆಳಗಿನ ಹಳೆಯದೇ ಬಂತು, ಕಣ್ಣೆದುರಿಗೆ.

ಅವರು ಪರದೆಯ ಕಡೆಗೆ ಬಾಗಿ ಹೊತ್ತನ್ನು ಓದಿದರು. ಬಳಿಕ, "ಅಲ್ಲ ಮಾರಾಯ್ರೆ, ನೀವು ಯಾರನ್ನೂ ನಂಬುವವರಲ್ಲ. ನಿಮ್ಮ ಟೂಲು ಗಡಿಯಾರ ಹೇಳಿದ್ದನ್ನೆಲ್ಲ ನಂಬ್ತದಾ?" ಎಂದರು.

ಕೋಣೆಯ ಬಾಗಿಲಲ್ಲಿ ಸಹೋದ್ಯೋಗಿ ನಗು ತಡೆಯಲಾರದೆ ಗೋಡೆ ಹಿಡಿದಿದ್ದರು. ಅವರು ಕೈಯಿಂದ ಕಟ್ಟುತ್ತಿದ್ದಾಗ ಒಂದೂವರೆ ಗಂಟೆ ಹಿಡಿಯುತ್ತಿತ್ತಲ್ಲ, ಅದರಲ್ಲಿ ಮುಕ್ಕಾಲು ಪಾಲು ರಾಹುಕಾಲ ಕಳೆಯಲೆಂದೇ ಹೋಗುತ್ತಿತ್ತಂತೆ.

ಪ್ರಶ್ನೆ ನ್ಯಾಯವಾದದ್ದೇ. ಅಲ್ಲೇ ಕೂತು ಟೂಲನ್ನು ಬದಲಿಸಿದೆ: ಕೊಡುವ ಆವೃತ್ತಿಯನ್ನು ಕಟ್ಟುವಾಗ ಹಳೆಯದನ್ನು ಪೂರ್ತಿ ಅಳಿಸಿ ಮೊದಲಿನಿಂದ ಕಟ್ಟಬೇಕು, ಗಡಿಯಾರ ಹಿಂದೆ ಹೋಗಿದೆ ಎನಿಸಿದರೆ ಕಟ್ಟದೆ ನಿಲ್ಲಬೇಕು.

"ಹಾಗಾದ್ರೆ ಮೊದಲ ಪರದೆಯಿಂದ ಆ ಹೊತ್ತನ್ನು ತೆಗೀರಿ. ಇವತ್ತೇ ಸಹಿ ಮಾಡ್ತೇನೆ" ಎಂದರು ಯಜಮಾನರು.

ಕಾಯಂ ಪತ್ರ ಅವರ ಡ್ರಾಯರಿನಲ್ಲಿತ್ತು, ನನಗೆ ಗೊತ್ತಿತ್ತು. ಪರದೆಯಲ್ಲಿ ಆ ಹೊತ್ತು ಇಲ್ಲದಿದ್ದರೆ ಹಿಂದಿನ ವಾರದ ತಪ್ಪು ನನ್ನದೆಂದೇ ಉಳಿದುಬಿಡುತ್ತಿತ್ತು ಎಂಬುದೂ ಗೊತ್ತಿತ್ತು.

"ಹೊತ್ತು ಇರಲಿ ಸರ್. ಬೇಕಾದ್ರೆ ರಾಹುಕಾಲದಲ್ಲಿ ಕಟ್ಟೋದು ಬೇಡ. ಕಾಯೋಣ."

ಅವರು ಗಲ್ಲ ಕೆರೆದುಕೊಂಡರು. ಕೆಳಗೆ ಫೋನು ಮಾಡಿ ಮೂರು ಪ್ಲೇಟ್ ಗೋಳಿಬಜೆ ಹೇಳಿದರು. ಕಂಪ್ಯೂಟರಿನ ಗಡಿಯಾರ ಸರಿಮಾಡಿ ಕಾದೆವು. ನಾನು ಮಧ್ಯೆ ಮಧ್ಯೆ ಅದನ್ನು ನನ್ನ ಮೊಬೈಲಿನೊಂದಿಗೆ ತಾಳೆ ನೋಡುತ್ತಿದ್ದೆ. ನಾಲ್ಕೂವರೆ ದಾಟಿದ ಮೇಲೆ ಅವರೇ ಆಜ್ಞೆ ಕೊಟ್ಟರು. ಅಲ್ಲಿ ಬಂದದ್ದೂ ನನ್ನ ಕಂಪ್ಯೂಟರಿನಲ್ಲಿ ಬಂದದ್ದೂ ಒಂದೇ ಲೆಕ್ಕ ಕೊಟ್ಟವು. ಅವರು ಎರಡನ್ನೂ ತಮ್ಮ ಕಣ್ಣಿಂದಲೇ ನೋಡಿದರು.

"ಆಯ್ತು, ಪರ್ಮನೆಂಟ್. ಸಹಿ ನಾಳೆ ಮಾಡುವ, ಇವತ್ತು ಮಂಗಳವಾರ."

ಬುಧವಾರ ರಾಹುಕಾಲ ಹನ್ನೆರಡರಿಂದ ಒಂದೂವರೆಯವರೆಗೆ ಎಂದು ಕ್ಯಾಲೆಂಡರಿನಲ್ಲಿ ನಾನು ಆಗಲೇ ನೋಡಿಟ್ಟುಕೊಂಡಿದ್ದೆ. ಮರುದಿನ ಡೊಂಬಿವಲಿಯಿಂದ ಎಂದಿಗಿಂತ ಬೇಗ ಹೊರಟು, ಅವರು ಬಂದು ಚಹಾ ಕುಡಿದ ಕೂಡಲೇ ಪೆನ್ನು ಹಿಡಿದು ಎದುರಿಗೆ ನಿಂತೆ.