ಲಾರಿ ಇನ್ನೂ ಹೊಸಕೋಟೆ ದಾಟಿಲ್ಲ, ಮಲಗಿ ಯಜಮಾನ್ರೇ

ಶಂಕರಪುರಂನ ಬೀದಿಯಲ್ಲಿ ಹಾಲಿನವನ ಸ್ಕೂಟರ್ ಸದ್ದು ಕೇಳುವ ಹೊತ್ತಿಗೆ ಚಿಕ್ಕಮುನಿಯಮ್ಮ ತಾರಸಿಯ ಮೆಟ್ಟಿಲು ಹತ್ತುತ್ತಿದ್ದಾರೆ. ಒಂದು ಕೈಯಲ್ಲಿ ನೀಲಿ ಬಕೆಟ್ಟು, ಇನ್ನೊಂದು ಕೈ ಗೋಡೆಯ ಮೇಲೆ. ಮಂಡಿ ನೋವಿದೆ. ಮೇಲೆ ಬಂದು, ಬಕೆಟ್ಟಿನಿಂದ ಒಂದೇ ಒಂದು ರಬ್ಬರ್ ಶೀಟು ತೆಗೆದು, ಸೋಪು ನೀರಿನ ಬಟ್ಟೆಯಿಂದ ಎರಡೂ ಕಡೆ ಒರೆಸಿ, ಮೋಟುಗೋಡೆಯ ಮೇಲೆ ಹರಡುತ್ತಾರೆ. ಬಟ್ಟೆ ಒಣಹಾಕುವ ಹಗ್ಗ ಖಾಲಿ.

ಎದುರು ಮನೆಯ ತಾರಸಿಯಲ್ಲಿ ಕನಕಾಂಬರದ ಕುಂಡಗಳಿಗೆ ನೀರು ಹಾಕುತ್ತಿರುವ ಲಕ್ಷ್ಮೀದೇವಮ್ಮ ಕತ್ತು ಉದ್ದ ಮಾಡಿ ನೋಡುತ್ತಾರೆ.

"ಏನ್ ಚಿಕ್ಕಮುನಿಯಮ್ಮ, ಇವತ್ತೂ ಬೆಡ್‌ಶೀಟ್ ಇಲ್ವಾ?"

"ನೀವು ಹಿಂಗೆ ದಿನಾ ಕಣ್ಣು ಹಾಕ್ತಿದ್ರೆ ನಾಳೆ ಇರತ್ತೆ ಬಿಡಿ!"

"ನಾನ್ಯಾಕ್ ಕಣ್ಣು ಹಾಕ್ಲಿ? ಮುಂಚೆ ನಿಮ್ಮ ಬೆಡ್‌ಶೀಟ್ ಸಾಲಲ್ಲಿ ನನ್ನ ಗಿಡಕ್ಕೆ ಬಿಸಿಲೇ ಬೀಳ್ತಿರ್ಲಿಲ್ಲ. ಅದಕ್ಕೆ ಕೇಳ್ದೆ ಕಣ್ರೀ."

ಇಬ್ಬರೂ ನಗುತ್ತಾರೆ. ಆದರೆ ಆ ಹಗ್ಗ ಖಾಲಿ ಇರುವುದು ಸಣ್ಣ ವಿಷಯವಲ್ಲ. ಕೆಳಗಿನ ಕೋಣೆಯಲ್ಲಿ ಮಲಗಿರುವ ಅರ್ಜುನಪ್ಪನವರಿಗೆ ಎಂಬತ್ತು ದಾಟಿದೆ. ಕಲಾಸಿಪಾಳ್ಯದಲ್ಲಿ ತರಕಾರಿ ಮಂಡಿ ನಡೆಸಿದವರು. ಕೆಲವು ವರ್ಷಗಳಿಂದ ಮರೆವಿನ ಕಾಯಿಲೆ, ಅಂದರೆ ಡಿಮೆನ್ಷಿಯಾ. ರಾತ್ರಿ ಅವರಿಗೆ ಮೂತ್ರಕ್ಕೆ ಮತ್ತೆ ಮತ್ತೆ ಎಚ್ಚರವಾಗುತ್ತದೆ. ಎಚ್ಚರವಾದರೆ ಎಲ್ಲಿಗೆ ಹೋಗಬೇಕೆಂದು ತಿಳಿಯುವುದಿಲ್ಲ, ಹೋಗಿ ಬಂದರೆ ಮತ್ತೆ ನಿದ್ದೆ ಬರುವುದಿಲ್ಲ. ಅವರ ರಾತ್ರಿಯನ್ನು ದಾಟಿಸುವುದೇ ಚಿಕ್ಕಮುನಿಯಮ್ಮನ ಕೆಲಸ. ಇದನ್ನು ಇಷ್ಟು ನೇರವಾಗಿ ಬರೆಯಬಹುದೇ ಎಂದು ಸೊಸೆ ವಿನುತಾ ಅವರನ್ನು ಎರಡು ಸಲ ಕೇಳಬೇಕಾಯಿತು. ಎರಡನೆಯ ಸಲ ಅವರು ಸ್ವಲ್ಪ ಬೇಸರದಿಂದಲೇ ಹೇಳಿದರು: "ತಾರಸಿ ಮೇಲೆ ದಿನಾ ಒಣಗ್ತಿತ್ತಲ್ಲ, ಬೀದಿಗೆಲ್ಲ ಗೊತ್ತು. ಇನ್ನು ಪೇಪರಿಗೆ ಏನ್ ಮುಚ್ಚಿಡೋದು? ಬರ್ಕೊಳ್ಳಿ."

ಚಿಕ್ಕಮುನಿಯಮ್ಮನಿಗೆ ಐವತ್ತೆಂಟರ ಆಸುಪಾಸು. ಮದುವೆಯಾಗಿ ಚಾಮರಾಜಪೇಟೆಗೆ ಬಂದವರು ಮೊದಲು ಮಾರ್ಕೆಟ್ಟಿನಲ್ಲಿ ಸೊಪ್ಪಿನ ಕಟ್ಟು ಕಟ್ಟುತ್ತಿದ್ದರು. ಗಂಡ ತೀರಿಕೊಂಡ ಮೇಲೆ ಒಂದು ನರ್ಸಿಂಗ್ ಹೋಮಿನಲ್ಲಿ ಆಯಾ ಆದರು. ಅಲ್ಲಿ ಬೆಡ್‌ಪ್ಯಾನ್ ಕೊಡುವುದು, ರೋಗಿಯನ್ನು ಮಗ್ಗುಲು ತಿರುಗಿಸುವುದು, ಮಲಗಿದವರ ಕೆಳಗಿನ ಹಾಸಿಗೆ ಬದಲಿಸುವುದು ಎಲ್ಲ ಕಲಿತರು. ಈಗ ಮನೆಗಳಲ್ಲಿ ನೈಟ್ ಡ್ಯೂಟಿ. ಮನೆಯವರ ಊಟ ಮುಗಿಯುವ ಹೊತ್ತಿಗೆ ಬಂದು, ಬೆಳಗಿನ ಕಾಫಿ ಕುಡಿದು ಹೊರಡುತ್ತಾರೆ. "ಹಗಲಲ್ಲಿ ನೋಡ್ಕೊಳ್ಳೋರನ್ನ ಎಲ್ರೂ ನೋಡ್ತಾರೆ. ನಾನು ಬರೋವಾಗ ಎಲ್ರಿಗೂ ಆಕಳಿಕೆ, ಹೋಗೋವಾಗ್ಲೂ ಆಕಳಿಕೆ. ನನ್ ಮುಖ ಸರಿಯಾಗಿ ನೋಡಿರೋದು ಯಜಮಾನ್ರು ಒಬ್ರೇ. ಅವರಿಗೆ ನೆನಪಿರಲ್ಲ!" ಎಂದು ನಗುತ್ತಾರೆ.

ಅವರು ಈ ಮನೆಗೆ ಬಂದಾಗ ಪರಿಸ್ಥಿತಿ ಚೆನ್ನಾಗಿರಲಿಲ್ಲ. ಅರ್ಜುನಪ್ಪ ಹಾಸಿಗೆಯಲ್ಲಿ, ಹಾಲ್‌ನ ಮೂಲೆಯಲ್ಲಿ, ಒಮ್ಮೆ ಚಪ್ಪಲಿ ಸ್ಟ್ಯಾಂಡಿನ ಮೇಲೆ ಮೂತ್ರ ಮಾಡಿದ್ದರು. ವಿನುತಾ ಮಧ್ಯಾಹ್ನದಿಂದಲೇ ನೀರು ಕೊಡುವುದನ್ನು ನಿಲ್ಲಿಸಿ ನೋಡಿದ್ದರು. ಅದರಿಂದ ಮೂತ್ರ ಉರಿಯತೊಡಗಿ, ಸೋಂಕಾಗಿ, ಮಾವನವರ ಗಲಿಬಿಲಿ ಇನ್ನೂ ಹೆಚ್ಚಾಯಿತು. ಯಾರೋ ಹೇಳಿದರೆಂದು ನಿದ್ದೆ ಮಾತ್ರೆ ತಂದುಕೊಟ್ಟರು. ಆ ಅಮಲಿನಲ್ಲೇ ಎದ್ದು ಹೋಗಿ ಬಿದ್ದು ಹುಬ್ಬಿಗೆ ಹೊಲಿಗೆ ಬಿತ್ತು. ಮಗ ಹರಿಕೃಷ್ಣ ಅವರಿಗೆ ಸುಲ್ತಾನ್‌ಪೇಟೆಯಲ್ಲಿ ಲಗ್ನಪತ್ರಿಕೆಯ ಅಂಗಡಿ. ನಿದ್ದೆಗೆಟ್ಟು ಒಂದು ಪತ್ರಿಕೆಯಲ್ಲಿ ವರನ ಜಾಗದಲ್ಲಿ ವಧುವಿನ ಅಪ್ಪನ ಹೆಸರು ಅಚ್ಚಾಗಿಹೋಯಿತಂತೆ. "ಮೂತ್ರಕ್ಕೆ ಟ್ಯೂಬ್ ಹಾಕ್ಸಿಬಿಡೋಣ ಡಾಕ್ಟ್ರೇ, ಮಂಚಕ್ಕೂ ಕಂಬಿ ಹಾಕ್ಸ್ತೀನಿ. ನಮ್ಮಿಂದ ಆಗ್ತಿಲ್ಲ," ಎಂದು ಅವರು ಬಸವನಗುಡಿಯ ವೈದ್ಯೆಯ ಮುಂದೆ ಕೈಮುಗಿದದ್ದು ಆಗಲೇ.

ವೈದ್ಯೆ ಒಪ್ಪಲಿಲ್ಲ, ಪೂರ್ತಿ ನಿರಾಕರಿಸಲೂ ಇಲ್ಲ. ನಡೆಯಬಲ್ಲ ಮನುಷ್ಯನಿಗೆ ಟ್ಯೂಬ್ ಹಾಕಿದರೆ ಅವರು ಅದನ್ನು ಎಳೆದುಕೊಳ್ಳಬಹುದು, ಮತ್ತೆ ಸೋಂಕಾಗಬಹುದು, ಮಂಚದ ಕಂಬಿ ಹತ್ತಿ ಇಳಿಯಲು ಹೋಗಿ ಬೀಳಬಹುದು ಎಂದು ವಿವರಿಸಿದರು. ಸೋಂಕಿಗೆ ಔಷಧ ಕೊಟ್ಟರು, ಪ್ರಾಸ್ಟೇಟ್ ಪರೀಕ್ಷೆ ಮಾಡಿಸಿದರು. ಮೂತ್ರ ಹೆಚ್ಚಿಸುವ ಬಿಪಿ ಮಾತ್ರೆಯೊಂದನ್ನು ಸಂಜೆಯಿಂದ ಬೆಳಗ್ಗೆಗೆ ಬದಲಿಸಿದರು. "ಒಂದು ತಿಂಗಳು ಹೀಗೆ ನೋಡೋಣ, ಆಮೇಲೆ ತೀರ್ಮಾನ ಮಾಡೋಣ," ಎಂದರು. (ಮಾತ್ರೆಯ ಸಂಗತಿ ಆ ಒಬ್ಬ ರೋಗಿಗೆ ವೈದ್ಯೆ ಹೇಳಿದ್ದು. ಓದುಗರು ತಮ್ಮ ಮನೆಯವರ ಮಾತ್ರೆಯ ಹೊತ್ತನ್ನು ತಾವೇ ಬದಲಿಸಬಾರದು.)

ಆ ತಿಂಗಳು ಯಾರ ಕೈಯಲ್ಲಿತ್ತು ಎಂದರೆ, ಚಿಕ್ಕಮುನಿಯಮ್ಮನ ಕೈಯಲ್ಲಿ.

ಅವರ ಕೆಲಸ ರಾತ್ರಿಯದಾದರೂ ತಯಾರಿ ಹಗಲಿನದು ಎನ್ನುತ್ತಾರೆ. ಬೆಳಗ್ಗೆ, ಮಧ್ಯಾಹ್ನ ಧಾರಾಳವಾಗಿ ನೀರು, ಮಜ್ಜಿಗೆ. ಸಂಜೆಯ ಕಾಫಿ ರದ್ದು, ರಾತ್ರಿ ಮಾತ್ರೆ ನುಂಗುವಷ್ಟು ನೀರು. ಮಧ್ಯಾಹ್ನ ಸ್ವಲ್ಪ ಹೊತ್ತು ವಿನುತಾ ಮಾವನವರ ಕಾಲನ್ನು ದಿಂಬಿನ ಮೇಲೆ ಎತ್ತಿಡಿಸುತ್ತಾರೆ. ಇಲ್ಲದಿದ್ದರೆ ಕಾಲಲ್ಲಿ ಇಳಿದು ನಿಂತ ನೀರು ಮಲಗಿದ ಮೇಲೆ ಮೂತ್ರವಾಗುತ್ತದೆ ಎಂದು ವೈದ್ಯೆ ಹೇಳಿದ್ದಾರೆ. ಹಗಲು ಹೆಚ್ಚು ನಿದ್ದೆ ಮಾಡದಂತೆ ಬೆಳಗ್ಗೆ ಒಂದು ಸುತ್ತು ನಡಿಗೆ. ಲಾಡಿ ಕಟ್ಟುವ ಪೈಜಾಮ ಹೋಗಿ ಮತ್ತೆ ಪಂಚೆ ಬಂದಿದೆ. "ಲಾಡಿ ಗಂಟು ಬಿಚ್ಚೋದ್ರೊಳಗೆ ಕೆಲಸ ಆಗ್ಹೋಗಿರ್ತಿತ್ತು. ಪಂಚೆಗೆ ಗಂಟೆಲ್ಲಿ?" ಮಂಚದಿಂದ ಬಚ್ಚಲಿನವರೆಗೆ ದಾರಿಯಲ್ಲಿ ಹಳದಿ ಬಲ್ಬು ಉರಿಯುತ್ತದೆ, ಬಚ್ಚಲ ಬಾಗಿಲು ತೆರೆದೇ ಇರುತ್ತದೆ, ಕಾಲೊರಸು ತೆಗೆದಿಟ್ಟಿದೆ.

ಎಲ್ಲಕ್ಕಿಂತ ಕಷ್ಟದ ಕೆಲಸ ಹೋಗಿ ಬಂದ ಮೇಲಿನದು. ಅರ್ಜುನಪ್ಪ ಬದುಕೆಲ್ಲ ನಸುಕಿಗೂ ಮೊದಲು ಎದ್ದು ಮಂಡಿಗೆ ಹೋದವರು. ಅವರಿಗೆ ಎಚ್ಚರವೆಂದರೆ ಲೋಡ್ ಬರುವ ಹೊತ್ತು. ಅಂಗಿ ಹುಡುಕುತ್ತಾರೆ, ಬಾಗಿಲು ತೆಗೆಯಲು ಹೋಗುತ್ತಾರೆ. "ಅಪ್ಪಾ, ಮಂಡಿ ಮುಚ್ಚಿ ಎಷ್ಟೋ ವರ್ಷ ಆಯ್ತು," ಎಂದು ಹರಿಕೃಷ್ಣ ಹೇಳಿದಾಗಲೆಲ್ಲ ಅವರಿಗೆ ಆ ಸುದ್ದಿ ಹೊಸದು. ಯಾರು ಮುಚ್ಚಿದರು, ಯಾಕೆ ಮುಚ್ಚಿದರು ಎಂದು ಬೆಳಗಾಗುವವರೆಗೆ ಜಗಳ. ಸೊಪ್ಪಿನ ಕಟ್ಟು ಕಟ್ಟಿದ್ದ ಚಿಕ್ಕಮುನಿಯಮ್ಮನಿಗೆ ಕೋಲಾರದ ಕಡೆಯ ಲೋಡ್ ಯಾವ ದಾರಿಯಲ್ಲಿ ಬರುತ್ತದೆ ಎಂಬುದು ಗೊತ್ತು. ಅವರು ಹೇಳುವುದು ಒಂದೇ ಮಾತು: "ಲಾರಿ ಇನ್ನೂ ಹೊಸಕೋಟೆ ದಾಟಿಲ್ಲ, ಮಲಗಿ ಯಜಮಾನ್ರೇ. ಬಂದ್ರೆ ನಾನು ಎಬ್ಬಿಸ್ತೀನಿ."

"ಟೊಮೇಟೊನಾ?" ಎಂದು ಅವರು ಕೇಳುತ್ತಾರಂತೆ.

"ಬೀನ್ಸು."

"ಹಂಗಾದ್ರೆ ನಿಧಾನಕ್ಕೆ ಬರ್ಲಿ ಬಿಡು," ಎಂದು ಮಲಗುತ್ತಾರೆ. ಸುಳ್ಳು ಹೇಳುವುದು ಸರಿಯೇ ಎಂದರೆ ಚಿಕ್ಕಮುನಿಯಮ್ಮ ತಿರುಗಿ ಕೇಳುತ್ತಾರೆ: "ಅವರ ಲಾರಿ ಅವರಿಗೆ ನಿಜ ತಾನೇ? ನಾನು ಇಲ್ಲ ಅಂದ್ರೆ ಅವರಿಗೆ ನಾನೇ ಸುಳ್ಳಿ."

ಹೀಗೆ ನಿದ್ದೆ ಒಂದು ದಾರಿಗೆ ಬಂತು. ಆದರೆ ಹಾಸಿಗೆ ಒದ್ದೆಯಾಗುವುದು ನಿಲ್ಲಲಿಲ್ಲ. ಇನ್ನೂ ವಿಚಿತ್ರವೆಂದರೆ, ಹಳದಿ ಬೆಳಕಿನಲ್ಲಿ ಅರ್ಜುನಪ್ಪ ಸರಿಯಾಗಿ ಬಚ್ಚಲ ಬಾಗಿಲಿನವರೆಗೆ ನಡೆದುಹೋಗುತ್ತಿದ್ದರು. ಅಲ್ಲಿ ನಿಂತು, ಒಳಗೆ ಕಾಲಿಡದೆ, ತಿರುಗಿ ಬರುತ್ತಿದ್ದರು. ಹೊಟ್ಟೆ ಒತ್ತಿಕೊಂಡು ಅತ್ತಿಂದಿತ್ತ ಓಡಾಡಿ, ಕೊನೆಗೆ ಮಂಚದ ಮೇಲೆ ತಡೆಯಲಾಗದೆ ಬಿಡುತ್ತಿದ್ದರು. ಬಚ್ಚಲು ಎಂದರೇನು ಎಂಬುದೇ ಮರೆತುಹೋಗಿದೆ ಎಂದು ಮನೆಯವರು ಅಂದುಕೊಂಡರು. ಚಿಕ್ಕಮುನಿಯಮ್ಮನೂ ಹಾಗೆಯೇ ಅಂದುಕೊಂಡರು. ಕೈಹಿಡಿದು ಒಳಗೆ ಕರೆದರೆ, ಯಜಮಾನರು ಎಂದೂ ಎತ್ತದ ಕೈ ಎತ್ತಿದರು. ತಿಂಗಳು ಮುಗಿಯುತ್ತ ಬಂದಿತ್ತು. ಹರಿಕೃಷ್ಣ ಕಂಬಿಯ ಮಂಚಕ್ಕೆ ಹೇಳಿಯೂ ಆಗಿತ್ತು.

ಕಾರಣ ತಿಳಿದದ್ದು ರಾತ್ರಿಯಲ್ಲಲ್ಲ, ಬೆಳಗಿನ ನಡಿಗೆಯಲ್ಲಿ. ಅಂದು ವಿನುತಾ, ಚಿಕ್ಕಮುನಿಯಮ್ಮ ಇಬ್ಬರೂ ಜೊತೆಗಿದ್ದರು. ಪಕ್ಕದ ರಸ್ತೆಯಲ್ಲಿ ಒಂದು ಉದ್ದನೆಯ ಕಾಂಪೌಂಡು. ಯಾರೂ ಅಲ್ಲಿ ಮೂತ್ರ ಮಾಡದಿರಲೆಂದು ಮಾಲೀಕರು ಗೋಡೆಗೆ ಸಾಲಾಗಿ ದೇವರ ಟೈಲ್ಸ್ ಅಂಟಿಸಿದ್ದಾರೆ. ನಮ್ಮ ಊರಿನಲ್ಲಿ ಇದು ಹೊಸದೇನಲ್ಲ. ಅರ್ಜುನಪ್ಪನಿಗೆ ಅವಸರವಾಗಿತ್ತು. ಗೋಡೆಯ ಕಡೆ ತಿರುಗಿದರು, ಟೈಲ್ಸ್ ನೋಡಿದರು, ಎತ್ತಿದ ಪಂಚೆ ಬಿಟ್ಟು ಕೈಮುಗಿದರು.

"ಇಲ್ಲಿ ಬೇಡಮ್ಮ. ದೇವ್ರಿದಾನೆ. ಮುಂದೆ ನೋಡೋಣ."

ಮುಂದೆಯೂ ಟೈಲ್ಸ್. ಮತ್ತೆ ಕೈಮುಗಿದರು. "ಇಲ್ಲೂ ಇದಾನಲ್ಲಮ್ಮ!"

ವಿನುತಾ ಅಲ್ಲೇ ನಿಂತುಬಿಟ್ಟರು. ಹಾಲ್‌ನ ಮೂಲೆಯಲ್ಲಿ ಮಾವ ಮೂತ್ರ ಮಾಡಿದಾಗ, ಈ ಗೋಡೆಯನ್ನು ನೋಡಿಯೇ ಅವರಿಗೊಂದು ಉಪಾಯ ಹೊಳೆದಿತ್ತು. ಗಂಡನ ಅಂಗಡಿಯಲ್ಲಿ ಗಣಪತಿಗೆ ಬರವಿಲ್ಲ. ಪ್ರತಿ ಲಗ್ನಪತ್ರಿಕೆಯ ತಲೆಯ ಮೇಲೂ ಒಬ್ಬ. ಹರಿಕೃಷ್ಣ ಬಂಗಾರದ ಬಣ್ಣದ ಗಣಪತಿಗಳನ್ನು ದೊಡ್ಡದಾಗಿ ಅಚ್ಚು ಹಾಕಿಸಿ, ಲ್ಯಾಮಿನೇಟ್ ಮಾಡಿಸಿ ತಂದಿದ್ದರು. ಹಾಲ್‌ನ ಮೂಲೆಗೊಂದು ಅಂಟಿಸಿದರೆ ಯಜಮಾನರು ಇನ್ನೊಂದು ಮೂಲೆ ಹುಡುಕಿದರು. ಅಲ್ಲಿಗೂ ಒಂದು. ಚಪ್ಪಲಿ ಸ್ಟ್ಯಾಂಡಿನ ಮೇಲೆ ಒಂದು. ಬಚ್ಚಲಿಗೆ ಹೋಗುವ ದಾರಿಯ ಕೊನೆಯಲ್ಲಿ, ಬಚ್ಚಲ ಬಾಗಿಲಿಗೆ ತಾಗಿದ ಗೋಡೆಯ ಮೇಲೆ, ಒಂದು. ಬಂದ ಹೊಸದರಲ್ಲಿ ಚಿಕ್ಕಮುನಿಯಮ್ಮ ಅದನ್ನು ಮೆಚ್ಚಿ, ಕೊನೆಯದಕ್ಕೆ ತಾವೇ ಗಮ್ ಟೇಪ್ ಕತ್ತರಿಸಿ ಕೊಟ್ಟಿದ್ದರು. ಹಳದಿ ಬಲ್ಬು ಹಾಕಿದ ಮೇಲೆ ಆ ಬಂಗಾರದ ಗಣಪತಿ ಇನ್ನಷ್ಟು ಹೊಳೆಯತೊಡಗಿದ್ದ.

"ಮನೆ ತುಂಬ ದೇವರನ್ನ ಕೂರಿಸ್ಬಿಟ್ಟು ಯಜಮಾನ್ರಿಗೇ ಜಾಗ ಇಲ್ದಂಗೆ ಮಾಡಿದ್ವಿ," ಎನ್ನುತ್ತಾರೆ ಚಿಕ್ಕಮುನಿಯಮ್ಮ. "ಅವರು ಬಚ್ಚಲು ಮರ್ತಿರ್ಲಿಲ್ಲ. ಮರ್ಯಾದೆ ಮರ್ತಿರ್ಲಿಲ್ಲ, ಅದೇ ತೊಂದರೆ ಆಗಿದ್ದು."

ಕೀಳುವುದೂ ಸುಲಭವಾಗಲಿಲ್ಲ. ಅಂಟಿಸಿದ ದೇವರನ್ನು ಕಿತ್ತು ಎಲ್ಲಿಡುವುದು? ಅಶ್ವತ್ಥಕಟ್ಟೆಯಲ್ಲಿ ಬಿಟ್ಟು ಬರಲು ವಿನುತಾ ಅವರಿಗೆ ಮನಸ್ಸಾಗಲಿಲ್ಲ. ಕೊನೆಗೆ ಹರಿಕೃಷ್ಣ ಅವನ್ನು ಒಂದೊಂದಾಗಿ ಬಿಡಿಸಿ, ಒರೆಸಿ, ಅಂಗಡಿಗೇ ಒಯ್ದರು. ಈಗ ಅವು ಸುಲ್ತಾನ್‌ಪೇಟೆಯಲ್ಲಿ ಗಿರಾಕಿಗಳಿಗೆ ತೋರಿಸುವ ಮಾದರಿಗಳು. ಒಂದು ಈಗಾಗಲೇ ಇಬ್ಬರ ಮದುವೆಗೆ ಆಯ್ಕೆಯಾಗಿದೆಯಂತೆ. "ಅದು ಎಲ್ಲಿತ್ತು ಅಂತ ನಾನು ಹೇಳಲ್ಲ, ನೀವೂ ಅವರ ಹೆಸರು ಬರೀಬೇಡಿ," ಎನ್ನುತ್ತಾರೆ ಹರಿಕೃಷ್ಣ.

ಗೋಡೆ ಖಾಲಿಯಾದ ಮೊದಲ ರಾತ್ರಿ ಅರ್ಜುನಪ್ಪ ಬಚ್ಚಲ ಬಾಗಿಲಲ್ಲಿ ನಿಂತರಂತೆ. ಗೋಡೆ ನೋಡಿದರಂತೆ. ಗಣಪತಿಯ ಜಾಗದಲ್ಲಿ ಟೇಪಿನ ಗುರುತು ಮಾತ್ರ ಇತ್ತು. ಒಳಗೆ ಹೋಗಿ, ಕೆಲಸ ಮುಗಿಸಿ, ತಾವೇ ಚೊಂಬಿನಿಂದ ನೀರು ಹಾಕಿ ಬಂದರಂತೆ. ಚಿಕ್ಕಮುನಿಯಮ್ಮ ಬಾಗಿಲ ಹೊರಗೆ ಟವೆಲ್ ಹಿಡಿದು, ಆ ನೀರಿನ ಸದ್ದು ಕೇಳುತ್ತ, ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಿಂತಿದ್ದರು.

ತಿಂಗಳ ಕೊನೆಗೆ ವೈದ್ಯೆ ಟ್ಯೂಬಿನ ಮಾತು ಕೈಬಿಟ್ಟರು. ಕಂಬಿಯ ಮಂಚ ಬರಲಿಲ್ಲ. ಎಲ್ಲ ಸರಿಹೋಯಿತೆಂದು ಬರೆದರೆ ತಪ್ಪಾದೀತು. ವಾರದಲ್ಲಿ ಒಮ್ಮೊಮ್ಮೆ ಹಗ್ಗದ ಮೇಲೆ ಬೆಡ್‌ಶೀಟ್ ಇರುತ್ತದೆ. ಕಾಯಿಲೆ ಇಳಿಯುವ ಜಾತಿಯದಲ್ಲ. ಮುಂದೊಂದು ದಿನ ಡೈಪರ್ ಬೇಕಾಗಬಹುದು ಎಂದು ವೈದ್ಯೆ ಈಗಲೇ ಹೇಳಿದ್ದಾರೆ, ಅದು ಚಿಕ್ಕಮುನಿಯಮ್ಮನಿಗೂ ಗೊತ್ತು. "ಬೇಕಾದಾಗ ಹಾಕೋಣ. ಕಾಲಲ್ಲಿ ನಡ್ಕೊಂಡ್ ಹೋಗೋರಿಗೆ ನಮ್ಮ ನಿದ್ದೆಗೋಸ್ಕರ ಯಾಕೆ?"

ಅವರ ನಿದ್ದೆಯ ಕಥೆ ಬೇರೆ. ಅವರ ಮನೆಯ ಪಕ್ಕದಲ್ಲೇ ವೆಲ್ಡಿಂಗ್ ಅಂಗಡಿ. ಅವರು ಮಲಗುವ ಹೊತ್ತಿಗೇ ಅಲ್ಲಿ ಕಬ್ಬಿಣ ಕುಯ್ಯಲು ಶುರು. ಏನಾದರೂ ಆಸೆ ಇದೆಯೇ ಎಂದು ಕೇಳಿದರೆ ಮೊದಲು ನಾಚಿಕೊಳ್ಳುತ್ತಾರೆ. "ದೊಡ್ಡ ಆಸೆ ಏನಿಲ್ಲ. ಆ ಮಿಷನ್ ಊಟದ ಹೊತ್ತಿನವರೆಗೆ ಸುಮ್ನಿದ್ರೆ ಸಾಕು. ನೀವು ಪೇಪರಲ್ಲಿ ಬರೆದ್ರೆ ಅವರು ಓದ್ತಾರಾ?" ಓದುತ್ತಾರೆಂಬ ಭರವಸೆ ಕೊಡುವುದು ಕಷ್ಟ.

ಅಷ್ಟರಲ್ಲಿ ಅರ್ಜುನಪ್ಪ ಎದ್ದು ಹಾಲ್‌ಗೆ ಬಂದಿದ್ದಾರೆ. ಪಂಚೆಯನ್ನು ತಾವೇ ಕೊಡವಿ ಉಟ್ಟಿದ್ದಾರೆ, ಅದು ಒದ್ದೆಯಾಗಿಲ್ಲ. ವಿನುತಾ ಕಾಫಿ ಕೊಡುತ್ತಾರೆ. ಚಿಕ್ಕಮುನಿಯಮ್ಮ ಚೀಲ ಹೆಗಲಿಗೇರಿಸಿ ಚಪ್ಪಲಿ ಮೆಟ್ಟುವಾಗ ಒಂದು ದೊಡ್ಡ ಆಕಳಿಕೆ ಬರುತ್ತದೆ. ಅರ್ಜುನಪ್ಪ ಲೋಟ ಕೆಳಗಿಟ್ಟು ಅವರ ಮುಖವನ್ನೇ ನೋಡುತ್ತಾರೆ. ಯಾರೆಂದು ಗುರುತು ಸಿಕ್ಕ ಹಾಗೆ ಕಾಣುವುದಿಲ್ಲ.

"ನಿದ್ದೆಗೆಟ್ಟಿದೀಯಲ್ಲಮ್ಮ," ಎನ್ನುತ್ತಾರೆ. "ಹೋಗಿ ಮಲ್ಕೋ. ಲಾರಿ ಬಂದ್ರೆ ನಾನು ಎಬ್ಬಿಸ್ತೀನಿ."