ಬೆಂದಿಲ್ಲವೆಂದು ವಾಪಸ್ ಕೊಟ್ಟ ಬ್ರೌನಿ

ಬುಧವಾರ ಬೆಳಿಗ್ಗೆ ಆರೂವರೆಗೆ ನಾನೂ ನನ್ನ ಮಗಳು ಸತ್ಯಾಳೂ ಪೆನ್ನಾಗರದ ಹತ್ತಿರದ ನಮ್ಮೂರಿನಿಂದ ಸೇಲಂಗೆ ಹೊರಟೆವು. ನಮ್ಮ ಕಡೆಯ ಜನ ಸೇಲಂಗೆ ಹೋಗುವುದು ಆಸ್ಪತ್ರೆಗೆ, ಇಲ್ಲವೇ ಸೀರೆಗೆ, ಇಲ್ಲವೇ ಬೆಳ್ಳಿ ಕಾಲ್ಗೆಜ್ಜೆಗೆ. ನಾವು ಹೊರಟಿದ್ದು ಬ್ರೌನಿ ತಿನ್ನಲು. ಬಸ್ ಸ್ಟಾಪಿನಲ್ಲಿ ಪಕ್ಕದ ಮನೆಯ ಚಿಕ್ಕತಾಯಿ, "ತಾಯಿ ಮಗ್ಳು ಎಲ್ಲಿಗ್ ಓಯ್ತಾ ಇದೀರಾ ಇಷ್ಟೊತ್ಗೆ?" ಎಂದು ಕೇಳಿದಳು. ಕೇಕು ತಿನ್ನೋಕೆ ಎಂದರೆ ಸಂಜೆಯೊಳಗೆ ಊರೆಲ್ಲ ನಗುತ್ತದೆ. "ಆಸ್ಪತ್ರೆಗೆ" ಎಂದುಬಿಟ್ಟೆ. ಪಾಪ, ಅವಳು ನಿಜವೆಂದು ನಂಬಿ ಬಸ್ಸು ತಿರುಗುವವರೆಗೂ ನಮ್ಮನ್ನೇ ನೋಡುತ್ತ ನಿಂತಿದ್ದಳು.

ಸತ್ಯಾಗೆ ಇಪ್ಪತ್ಮೂರು ವರ್ಷ. ಕಾಲೇಜು ಮುಗಿಸಿ ಮನೆಯಲ್ಲಿದ್ದಾಗ ಫೋನಿನಲ್ಲಿ ವೀಡಿಯೊ ನೋಡಿ ಬ್ರೌನಿ ಮಾಡಲು ಕಲಿತಳು. ಚಾಕಲೇಟು, ಬೆಣ್ಣೆ, ಮೊಟ್ಟೆ ಹಾಕಿ ಪುಟ್ಟ ಕರೆಂಟ್ ಓವನ್ನಿನಲ್ಲಿ ಬೇಯಿಸಿ, ಬರ್ಫಿಯ ಹಾಗೆ ಚೌಕವಾಗಿ ಕತ್ತರಿಸುವ ಕೇಕು ಅದು. ತಮಾಷೆಯೆಂದರೆ, ಬೇರೆಯವರು ಮಾಡಿದ ಬ್ರೌನಿಯನ್ನು ಅವಳು ಒಮ್ಮೆಯೂ ತಿಂದವಳಲ್ಲ. ಮನೆಯಲ್ಲಿ ನಾವೆಲ್ಲ ಭೇಷ್ ಎನ್ನುತ್ತಿದ್ದೆವು. ಹೆತ್ತವರಿಗೆ ಹೆಗ್ಗಣ ಮುದ್ದು. ಓಮಲೂರು ಬಸ್ ಸ್ಟ್ಯಾಂಡಿನ ಎದುರಿಗೆ ಒಂದು ಬೇಕರಿಯಿದೆ, ಅವಳ ಕಾಲೇಜಿನ ಮಕ್ಕಳೆಲ್ಲ ಟೀ ಕುಡಿಯಲು ಸೇರುವ ಜಾಗ. ಅದರ ಯಜಮಾನ, ಅವನೂ ಕನ್ನಡ ಮನೆಮಾತಿನವನೇ, ಸತ್ಯಾಳ ಬ್ರೌನಿಯನ್ನು ಎರಡು ಸಲ ತಿಂದು ನೋಡಿ ಎರಡು ಸಲವೂ ಬೇಡ ಎಂದಿದ್ದ. ಗುರುವಾರ ಇನ್ನೊಂದು ಸಲ ತಾ, ಇದೇ ಕೊನೆ, ಎಂದೂ ಹೇಳಿದ್ದ. ಈ ಸಲವೂ ಆಗದಿದ್ದರೆ ಓವನ್ ಕೊಟ್ಟುಬಿಟ್ಟು ಹೊಸೂರಿನ ಕಂಪನಿಗೆ ಸೇರಿ ಹಾಸ್ಟೆಲ್ಲಿನಲ್ಲಿ ಇರುತ್ತೇನೆ ಎಂದು ಇವಳು ಹೇಳಿಬಿಟ್ಟಿದ್ದಳು. ಆ ಕೆಲಸ ಅವಳಿಗೆ ಇಷ್ಟವಿಲ್ಲ, ಅವಳು ಹೋಗುವುದು ನನಗೆ ಇಷ್ಟವಿಲ್ಲ. ಹಾಗಾಗಿ ಗುರುವಾರದೊಳಗೆ ಸೇಲಂನ ಒಳ್ಳೆಯ ಬೇಕರಿಗಳಲ್ಲಿ ನಿಜವಾದ ಬ್ರೌನಿ ತಿಂದು, ತನ್ನದರಲ್ಲಿ ಏನು ಕೊರತೆಯೆಂದು ನೋಡಿಕೊಂಡು ಬರುವುದೆಂದಾಯಿತು.

ನಾನು ಕೊಳ್ಳೇಗಾಲದ ಕಡೆಯವಳು, ಹತ್ತನೆಯವರೆಗೆ ಕನ್ನಡದಲ್ಲಿ ಓದಿ, ತಮಿಳುನಾಡಿನಲ್ಲಿದ್ದರೂ ಕನ್ನಡ ಮಾತಾಡುವ ಈ ಊರಿಗೆ ಸೊಸೆಯಾಗಿ ಬಂದೆ. ಸತ್ಯಾ ಕನ್ನಡ ಮಾತಾಡುತ್ತಾಳೆ, ಓದಲು ಬಾರದು. ಆ ಧೈರ್ಯದ ಮೇಲೆಯೇ ಇದನ್ನೆಲ್ಲ ಬರೆಯುತ್ತಿದ್ದೇನೆ.

ಧರ್ಮಪುರಿಯವರೆಗೆ ಟೌನ್ ಬಸ್ಸು, ಹೆಂಗಸರಿಗೆ ಟಿಕೆಟ್ಟಿಲ್ಲ. ಅಲ್ಲಿ ಎರಡೆರಡು ಇಡ್ಲಿ ತಿಂದು ಸೇಲಂ ಬಸ್ಸು ಹಿಡಿದೆವು. ಕಿಟಕಿಯ ಪಕ್ಕ ಸೀಟು ಸಿಕ್ಕಿತು. ತೊಪ್ಪೂರು ಘಾಟಿಯ ಇಳಿಜಾರಿನಲ್ಲಿ ಲಾರಿಗಳೆಲ್ಲ ಬಸುರಿ ಹೆಂಗಸರ ಹಾಗೆ ನಿಧಾನವಾಗಿ ಇಳಿಯುತ್ತಿದ್ದವು, ನಮ್ಮ ಡ್ರೈವರ್ ಮಾತ್ರ ಯಾರಿಗೂ ಕಾಯುವವನಲ್ಲ. ಸತ್ಯಾ ಮಡಿಲಿನಲ್ಲಿದ್ದ ಡಬ್ಬಿಯನ್ನು ಎರಡು ಕೈಯಲ್ಲಿ ಹಿಡಿದು ಕೂತಿದ್ದಳು. ಅದರಲ್ಲಿ ಅವಳು ಹಿಂದಿನ ದಿನ ಮಾಡಿದ ನಾಲ್ಕು ತುಂಡುಗಳಿದ್ದವು. ಪಕ್ಕದಲ್ಲಿಟ್ಟು ಹೋಲಿಸಿ ನೋಡಬೇಕಂತೆ. ಓಮಲೂರಿನಲ್ಲಿ ಬಸ್ಸು ನಿಂತಾಗ ಅವಳು ಆ ಬೇಕರಿಯ ಕಡೆ ತಿರುಗಿಯೂ ನೋಡಲಿಲ್ಲ.

ಸೇಲಂ ಹೊಸ ಬಸ್ ಸ್ಟ್ಯಾಂಡಿನಲ್ಲಿ ಇಳಿದಾಗ ಹತ್ತಾಗಿತ್ತು, ಬಿಸಿಲು ಆಗಲೇ ಹನ್ನೆರಡರದ್ದು. ಮೊದಲು ಹೋದದ್ದು ಅಲ್ಲೇ ಹತ್ತಿರದ ಒಂದು ಹಳೆಯ ಬೇಕರಿಗೆ. ಅಲ್ಲಿನ ಬ್ರೌನಿ ಕಂದು ಬಣ್ಣ ಬಳಿದ ಕೇಕು. ಚೆನ್ನಾಗಿ ಬೆಂದಿತ್ತು, ಕೈಗೆ ಪುಡಿ ಉದುರುತ್ತಿತ್ತು. "ನೋಡು, ನಿಂದೂ ಇಂಗೇ ಐತೆ" ಎಂದೆ ಖುಷಿಯಿಂದ. ಸತ್ಯಾ ಅರ್ಧಕ್ಕೇ ಬಿಟ್ಟಳು. "ಅಮ್ಮಾ, ಇದು ಬ್ರೌನಿಯೇ ಇಲ್ಲ. ಸುಮ್ನೆ ಪೇರು ಮಾತ್ರ." ಹೆಸರು ಮಾತ್ರ ಬ್ರೌನಿ ಎಂದು ಅವಳ ಮಾತು.

ಎರಡನೆಯದು ಐದು ರೋಡು ಸರ್ಕಲ್ಲಿನ ಹತ್ತಿರ, ಗಾಜಿನ ಬಾಗಿಲು, ಒಳಗೆ ಎಸಿ. ಅಲ್ಲಿ ಬ್ರೌನಿ ಇನ್ನೂ ಆಗಿರಲಿಲ್ಲ, ಅದರ ಬದಲು ಚಾಕಲೇಟು ಚೂರು ಹಾಕಿದ ಕುಕ್ಕಿ ತೆಗೆದುಕೊಂಡೆವು, ಅಂಗೈಯಷ್ಟು ಅಗಲ. ಬಿಸ್ಕತ್ತು ಎಂದಮೇಲೆ ಮುರಿದರೆ ಟಕ್ಕೆನ್ನಬೇಕು. ಇದು ಮುರಿಯಲು ಹೋದರೆ ಬಾಗಿತು. ಡಬ್ಬಿ ಮುಚ್ಚದೆ ಇಟ್ಟು ಗಾಳಿಗೆ ಮೆತ್ತಗಾಗಿದೆ ಎಂದು ನಾನು ತೀರ್ಪು ಕೊಟ್ಟೆ. ಆದರೆ ರುಚಿಯ ವಿಷಯದಲ್ಲಿ ಸುಳ್ಳು ಹೇಳಬಾರದು. ಬೆಣ್ಣೆಯ ಘಮವೂ ನಡುನಡುವೆ ಉಪ್ಪಿನ ಕಲ್ಲೂ ನಾಲಿಗೆಗೆ ಸಿಕ್ಕಿ, ನನ್ನ ಪಾಲಿನದನ್ನು ಮುಗಿಸಿ ಅವಳ ಪಾಲಿನದರಲ್ಲೂ ಒಂದು ಚೂರು ಮುರಿದುಕೊಂಡೆ.

ಮೂರನೆಯ ಬೇಕರಿ ಫೇರ್‌ಲ್ಯಾಂಡ್ಸ್ ಬಡಾವಣೆಯಲ್ಲಿ. ಆಟೊದವನು ನೂರು ಕೇಳಿ ಎಂಬತ್ತಕ್ಕೆ ಒಪ್ಪಿದ. ಪುಟ್ಟ ಅಂಗಡಿ, ನಾಲ್ಕು ಮೇಜು, ಹಿಂದೆ ಅಡುಗೆಮನೆ ಕಾಣುತ್ತದೆ. ಬ್ರೌನಿ ತಟ್ಟೆಯಲ್ಲಿ ಬಂತು. ಮೇಲೆ ಕಾಗದದಂಥ ತೆಳು ಪದರ, ಚಮಚ ಇಟ್ಟರೆ ಒಳಗೆ ಕೆಸರು. ನನಗೆ ಎಲ್ಲಿಲ್ಲದ ಕೋಪ ಬಂತು. ಮುದ್ದೆ ಮಾಡುವಾಗ ರಾಗಿ ಹಿಟ್ಟು ಬೆಂದಿದೆಯೋ ಇಲ್ಲವೋ ನೋಡಲು ಬೆರಳನ್ನು ನೀರಿಗೆ ಅದ್ದಿ ಮುಟ್ಟುತ್ತೇವೆ. ಅಂಟಿದರೆ ಬೆಂದಿಲ್ಲ, ಅಷ್ಟೇ. ನಾನು ಲೋಟದ ನೀರಿಗೆ ಬೆರಳು ಅದ್ದಿ ಬ್ರೌನಿಯ ನಡುವೆ ಒತ್ತಿದೆ. ಬೆರಳಿನ ತುಂಬ ಅಂಟಿತು.

"ಸತ್ಯಾ, ಇದು ಅಸಿ ಐತೆ. ತಿನ್ಬೇಡ ನೀನು" ಎಂದು ತಟ್ಟೆ ಎತ್ತಿಕೊಂಡು ಕೌಂಟರಿಗೆ ಹೋದೆ. ಬೆಂದಿಲ್ಲ, ವಾಪಸ್ ತಗೊಂಡು ಇನ್ನೊಂದು ಹತ್ತು ನಿಮಿಷ ಬೇಯಿಸಿ ಕೊಡಮ್ಮ, ಎಂದು ಅಲ್ಲಿದ್ದ ಹುಡುಗಿಗೆ ತಮಿಳಿನಲ್ಲಿ ಹೇಳಿದೆ. ಅವಳು ನಗು ತಡೆದುಕೊಂಡು, "ಅಕ್ಕಾ, ಅದು ಅಪ್ಪಡಿ ದಾನ್ ಇರುಕ್ಕುಂ" ಎಂದಳು. ಇರುವುದೇ ಹಾಗಂತೆ! ಪಕ್ಕದ ಮೇಜಿನವರು ತಿರುಗಿ ನೋಡಿದರು. ಸತ್ಯಾ ಹಿಂದಿನಿಂದ ನನ್ನ ಸೆರಗು ಜಗ್ಗುತ್ತಿದ್ದಳು.

ಗಲಾಟೆ ಕೇಳಿ ಒಳಗಿನಿಂದ ಅಂಗಡಿಯ ಒಡತಿಯೇ ಬಂದಳು. ಐವತ್ತರ ಆಸುಪಾಸಿನ ಹೆಂಗಸು, ಏಪ್ರನ್ ತುಂಬ ಹಿಟ್ಟು. ಅವಳು ನಗಲಿಲ್ಲ. ಇದನ್ನು ನಡು ಅಲುಗುತ್ತಿರುವಾಗಲೇ ಹೊರಗೆ ತೆಗೆಯಬೇಕು, ಮಿಕ್ಕಿದ್ದು ಆ ಕಾವಿನಲ್ಲೇ ಬೇಯುತ್ತದೆ, ಒಮ್ಮೆ ತಿಂದು ನೋಡಿ, ಎಂದಳು. ತಿಂದೆ. ಬಾಯಲ್ಲಿ ಅದು ಹಸಿಯಾಗಿರಲಿಲ್ಲ. ಅನ್ನವನ್ನು ಇಳಿಸಿ ಮುಚ್ಚಿಟ್ಟರೆ ತಾನೇ ಅರಳುತ್ತದಲ್ಲ, ಅದೇ ಲೆಕ್ಕ. ಮೂವತ್ತು ವರ್ಷದಿಂದ ಅನ್ನ ಮಾಡುತ್ತಿರುವ ನನಗೆ ಅದು ಹೊಳೆಯಲಿಲ್ಲ.

ಆಗ ಸತ್ಯಾ ಹೆದರುತ್ತ ತನ್ನ ಡಬ್ಬಿ ತೆಗೆದು ಮುಂದೆ ಹಿಡಿದಳು. ಒಡತಿ ಒಂದು ತುಂಡು ತಿಂದು, ಅರ್ಧ ಲೋಟ ನೀರು ಕುಡಿದಳು. ಅಳತೆ ಸರಿಯಿದೆ, ಕೋಕೋ ಚೆನ್ನಾಗಿದೆ, ಬೇಯಿಸಿದ್ದು ಮಾತ್ರ ಜಾಸ್ತಿ, ಎಷ್ಟು ನಿಮಿಷ ಇಡುತ್ತೀಯ, ಎಂದು ಕೇಳಿದಳು.

"ನಲವತ್ತು" ಎಂದಳು ಸತ್ಯಾ.

ಇಪ್ಪತ್ತೈದು ಸಾಕಲ್ಲ, ನಲವತ್ತು ಯಾಕೆ, ಎಂದಳು ಒಡತಿ.

ಸತ್ಯಾ ನನ್ನ ಕಡೆ ನೋಡಲಿಲ್ಲ. "ಎಂಗ ವೀಟ್ಲ ಅಪ್ಪಡಿ ಪಳಕ್ಕಂ" ಎಂದಳು. ನಮ್ಮ ಮನೆಯಲ್ಲಿ ಹಾಗೇ ರೂಢಿ.

ರೂಢಿ ಯಾರದ್ದು? ನನ್ನದು. ಅವಳು ಪ್ರತಿ ಸಲವೂ ಇಪ್ಪತ್ತೈದು ನಿಮಿಷಕ್ಕೆ ಓವನ್ ತೆಗೆಯುತ್ತಿದ್ದಳು. ಪ್ರತಿ ಸಲವೂ ನಾನು ಒದ್ದೆ ಬೆರಳು ಒತ್ತಿ ನೋಡಿ, ಅಸಿ ಐತೆ, ಇನ್ನೊಂದ್ ಸ್ವಲ್ಪ ಬೇಯ್ಲಿ ಬುಡು, ಎಂದು ಅವಳ ಕೈಯಿಂದ ತಟ್ಟೆ ಕಿತ್ತುಕೊಂಡು ಒಳಗೆ ತಳ್ಳುತ್ತಿದ್ದೆ. ಓಮಲೂರಿನವನು ಎರಡು ಸಲ ಬೇಡ ಎಂದಾಗ, ಅವನಿಗೆ ನಾಲಿಗೆಯೇ ಸರಿಯಿಲ್ಲ ಎಂದು ಬೈದವಳೂ ನಾನೇ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಅಷ್ಟು ಜನರ ಮುಂದೆ ಮಗಳು ನನ್ನ ಮಾನ ಕಾಪಾಡಿದಳು. ನನಗೆ ಬಹಳ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಸಂಕಟವಾಯಿತು.

ಒಡತಿ ದುಡ್ಡು ಬೇಡವೆಂದರೂ ಸತ್ಯಾ ಕೊಟ್ಟೇ ಬಂದಳು. ಬಸ್ ಸ್ಟ್ಯಾಂಡಿನ ಹತ್ತಿರ ನಿಪ್ಪಟ್ಟಿನಂಥ ಎರಡು ವಡೆಗಳ ನಡುವೆ ತರಕಾರಿ ತುರಿ, ಚಟ್ನಿ ಇಟ್ಟು ಕೊಡುವ ತಟ್ಟುವಡೆ ಸೆಟ್ ತಿಂದು ಎರಡೂವರೆಯ ಬಸ್ಸು ಹತ್ತಿದೆವು. ವಾಪಸ್ಸು ಬರುವಾಗ ತೊಪ್ಪೂರಿನ ಏರಿನಲ್ಲಿ ಲಾರಿಯೊಂದು ಕೆಟ್ಟು ನಿಂತು ಮುಕ್ಕಾಲು ಗಂಟೆ ಹೋಯಿತು. ಜನ ಇಳಿದು ಕಡಲೆಕಾಯಿ ಕೊಂಡು ಲಾರಿಯವನಿಗೆ ಬುದ್ಧಿ ಹೇಳಿದರು. ಸತ್ಯಾ ಕಣ್ಣು ಮುಚ್ಚಿ ಕೂತಿದ್ದಳು.

"ಯಾಕೆ, ತಲೆ ನೋಯ್ತಾ ಐತಾ?" ಎಂದೆ.

"ಇಲ್ಲಮ್ಮ. ಮನಸ್ನಾಗೆ ಟೈಮ್ ಆಕ್ಕೊಂಡು ನೋಡ್ತಾ ಇವ್ನಿ."

ತಪ್ಪು ನನ್ನದು ಎಂಬ ಮಾತು ಗಂಟಲವರೆಗೆ ಬಂತು. ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು ಎಂದು ಅವಳು ಹೇಳಿಬಿಟ್ಟರೆ? ಅವಳು ಹೇಳುವವಳಲ್ಲ, ನನಗೇ ಹಾಗೆ ಅನ್ನಿಸಿತು. ಕಡಲೆಕಾಯಿ ಸುಲಿದು ಅವಳ ಕೈಗೆ ಹಾಕುತ್ತ ಬಂದೆ.

ಮನೆಗೆ ಬಂದು ಮುಖ ತೊಳೆದವಳೇ ಓವನ್ ಹಚ್ಚಿದಳು. ಇಪ್ಪತ್ತೈದು ನಿಮಿಷಕ್ಕೆ ಬಾಗಿಲು ತೆಗೆದಾಗ ಬ್ರೌನಿಯ ನಡುಭಾಗ ಅಲುಗುತ್ತಿತ್ತು. ನನ್ನ ಕೈ ತಾನಾಗಿಯೇ ನೀರಿನ ಚೊಂಬಿನ ಕಡೆ ಹೋಯಿತು. ಅಲ್ಲಿದ್ದರೆ ಕಷ್ಟವೆಂದು ಎದ್ದು ಹಿತ್ತಲಿಗೆ ಹೋಗಿ, ಇನ್ನೂ ಪೂರ್ತಿ ಒಣಗದ ಬಟ್ಟೆಗಳನ್ನೆಲ್ಲ ತೆಗೆದು ಮಡಿಸಿಟ್ಟೆ.

ಗುರುವಾರ ಹತ್ತು ಗಂಟೆಗೆ ಓಮಲೂರಿನಲ್ಲಿ ಇಳಿದೆವು. ಯಜಮಾನ ಡಬ್ಬಿಯಿಂದ ಒಂದು ತುಂಡು ತೆಗೆದು, ಬೆರಳಲ್ಲಿ ಒತ್ತಿ ನೋಡಿ ಬಾಯಿಗೆ ಹಾಕಿಕೊಂಡ. ಇನ್ನೊಂದು ತುಂಡು ತಿಂದ. ಆಮೇಲೆ ಗಾಜಿನ ಪೆಟ್ಟಿಗೆಯಲ್ಲಿದ್ದ ರಸ್ಕಿನ ತಟ್ಟೆಯನ್ನು ಕೆಳಗಿನ ಸಾಲಿಗೆ ಇಳಿಸಿ, ಖಾಲಿಯಾದ ಜಾಗವನ್ನು ಬಟ್ಟೆಯಿಂದ ಒರೆಸಿದ. ವಾರಕ್ಕೆ ಎರಡು ದಿನ ತಂದುಕೊಡು ಎಂದ. ಸತ್ಯಾ ಉಸಿರು ಬಿಟ್ಟಿದ್ದು ನನಗೂ ಕೇಳಿಸಿತು.

ಅವನಿಗೆ ಮಾತ್ರ ಒಂದು ಅನುಮಾನ ಉಳಿದಿತ್ತು. "ಅದ್ಸರಿ, ಇದ್ ನೀನ್ ಮಾಡಿದ್ದಾ? ಓದ್ ಸಲ, ಅದಕ್ ಮುಂಚೆ ತಂದಿದ್ದೆಲ್ಲ, ಅದ್ಯಾರ್ ಮಾಡಿದ್ದು?"

"ಅವೆರಡೂ ನಮ್ಮಮ್ಮ ಮಾಡಿದ್ದು" ಎಂದಳು ಸತ್ಯಾ. "ಇದು ನಾನು."

ಯಜಮಾನ ನನ್ನನ್ನು ಕನಿಕರದಿಂದ ನೋಡಿದ.

"ಊಂ ಸಾಮಿ, ನಾನೇ" ಎಂದೆ.